ಮಿತಿಯಿದೆ, ಅಳತೆ ಎಲ್ಲಿದೆ?

2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್ ಮುಟ್ಟಿತು. ಅಷ್ಟು ಹೊರೆ ಹೊತ್ತದ್ದು ವಿತರಣಾ ಕಂಪನಿಗಳ ದೊಡ್ಡ ಸಾಧನೆಯೇ. ಆದರೆ ನಗರದ ಸಂಗಮ್ ವಿಹಾರ ಬಡಾವಣೆಯ ಒಳಗಲ್ಲಿಯ ಕೊನೆಯ ಮನೆಗೆ ಅಂದು ಎಷ್ಟು ವೋಲ್ಟೇಜ್ ತಲುಪಿತು ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ.

ಮನೆಗಳಿಗೆ ಕೊಡುವ ವೋಲ್ಟೇಜ್ ಘೋಷಿತ ಮಟ್ಟದಿಂದ ಶೇ. 6ಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಎಂದು 1956ರ ವಿದ್ಯುತ್ ನಿಯಮಗಳೇ ಹೇಳಿದ್ದವು. ದೆಹಲಿ ವಿದ್ಯುತ್ ನಿಯಂತ್ರಣ ಆಯೋಗದ 2017ರ ಸರಬರಾಜು ಸಂಹಿತೆಯಲ್ಲೂ ಇದೇ ಮಿತಿಯಿದೆ. 230 ವೋಲ್ಟ್ ಎಂದರೆ ಸುಮಾರು 216ರಿಂದ 244. ಯುರೋಪಿನ ಮಿತಿ ಇದಕ್ಕಿಂತ ಸಡಿಲ, ಶೇ. 10. ಆದರೂ ಅಲ್ಲಿಯ ಇಎನ್ 50160 ಮಾನದಂಡವೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಇಡೀ ವಾರ ಅಳೆಯಬೇಕು, ಹತ್ತು ಹತ್ತು ನಿಮಿಷದ ಸರಾಸರಿ ತೆಗೆಯಬೇಕು, ಅವುಗಳಲ್ಲಿ ಶೇ. 95 ಮಿತಿಯೊಳಗಿರಬೇಕು ಎಂದು ಅದು ಬಿಡಿಸಿ ಹೇಳುತ್ತದೆ. ನಮ್ಮ 1956ರ ನಿಯಮ ಅಂಕಿ ಹೇಳಿ ಸುಮ್ಮನಾಗಿತ್ತು. ಒಂದು ನಿಮಿಷದ ಕುಸಿತವೂ ಮೇ ತಿಂಗಳಿಡೀ ರಾತ್ರಿ ಕಾಡುವ ಕುಸಿತವೂ ಅದರ ಕಣ್ಣಿಗೆ ಒಂದೇ ಆಗಿತ್ತು.

ದೂರು ಬಂದಾಗ ಲೈನ್‌ಮನ್ ಬಂದು ಒಮ್ಮೆ ಮೀಟರ್ ಹಚ್ಚಿ ನೋಡುವ ರೂಢಿಯ ದೌರ್ಬಲ್ಯವೂ ಇಲ್ಲೇ ಇದೆ. ತಂತಿಯಲ್ಲಿ ಹರಿಯುವ ಕರೆಂಟು ಹೆಚ್ಚಿದಷ್ಟೂ ವೋಲ್ಟೇಜ್ ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಮನೆಗಳ ಎಸಿ ಓಡುವಾಗ ಸೋತ ಲೈನು ಬೆಳಗ್ಗೆ ಹತ್ತಕ್ಕೆ ಆರೋಗ್ಯವಾಗಿಯೇ ಕಾಣುತ್ತದೆ. ಹೊರಬರುವ ವೋಲ್ಟೇಜನ್ನು ಹೊಂದಿಸುವ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಏರಿಸಿದರೆ ಕೊನೆಯ ಮನೆ ಚೇತರಿಸಿಕೊಳ್ಳಬಹುದು, ಆದರೆ ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆಗೆ ವೋಲ್ಟೇಜ್ ಮಿತಿಮೀರಬಹುದು. ಈಗ ಚಾವಣಿಯ ಸೌರಫಲಕಗಳೂ ಸೇರಿಕೊಂಡಿವೆ. ಮನೆಗಳಲ್ಲಿ ಬಳಕೆ ಕಡಿಮೆಯಿರುವ ಮಧ್ಯಾಹ್ನ ಅವು ಅದೇ ಲೈನಿನ ತುದಿಯಲ್ಲಿ ವೋಲ್ಟೇಜನ್ನು ಮೇಲಕ್ಕೆ ತಳ್ಳಬಲ್ಲವು.

ವೋಲ್ಟೇಜಿನ ಈ ಏರಿಳಿತದ ಬೆಲೆ ತೆರುವವನು ಗ್ರಾಹಕ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೋಲ್ಟೇಜ್ ಶೇ. 20 ಇಳಿದರೆ ಬಲ ಶೇ. 64ಕ್ಕೆ ಕುಸಿಯುತ್ತದೆ. ಕಂಪ್ರೆಸರ್ ಹೊರಳಲಾರದೆ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಎಸಿಯ ಜೊತೆಗೇ 170ರಿಂದ 270 ವೋಲ್ಟ್ ತಾಳುವ ಸ್ಟೆಬಿಲೈಸರನ್ನೂ ಮಾರುವ ಪೇಟೆ, ಶೇ. 6ರ ಮಿತಿಯನ್ನು ನಂಬಿಲ್ಲ ಎಂದೇ ಅರ್ಥ.

ಕಂಪನಿಗಳ ಕಷ್ಟವೂ ಸುಳ್ಳಲ್ಲ. ಅನಧಿಕೃತ ಕಾಲೊನಿಗಳ ಕಿರುಗಲ್ಲಿಗಳಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಇಡಲು ಜಾಗವಿಲ್ಲ; ಜಾಗ ಕೊಡುವುದು ಅವುಗಳ ಕೈಯಲ್ಲೂ ಇಲ್ಲ. ಆದರೆ ಅಳೆಯುವುದಕ್ಕೆ ಜಾಗ ಬೇಕಿಲ್ಲ. ಪುಣೆಯ ಪ್ರಯಾಸ್ ಸಂಸ್ಥೆ ಸಣ್ಣ ಉಪಕರಣಗಳನ್ನಿಟ್ಟು ದೇಶದ ಹಲವೆಡೆ ನಿಮಿಷ ನಿಮಿಷದ ವೋಲ್ಟೇಜ್ ದಾಖಲಿಸಿ ಸಾರ್ವಜನಿಕರ ಮುಂದಿಟ್ಟಿತು. ಸ್ಮಾರ್ಟ್ ಮೀಟರುಗಳಂತೂ ಅರ್ಧ ಗಂಟೆಗೋ ಕಾಲು ಗಂಟೆಗೋ ಸರಾಸರಿ ವೋಲ್ಟೇಜ್ ದಾಖಲಿಸಬಲ್ಲವು. ಕ್ಷಣಿಕ ಕುಸಿತಗಳು ಆ ಸರಾಸರಿಯಲ್ಲಿ ಮುಚ್ಚಿಹೋಗುತ್ತವೆ, ನಿಜ. ಆದರೂ ಒಂದು ಬೆಳಗಿನ ಒಂದು ಅಳತೆಗಿಂತ ಅದು ಎಷ್ಟೋ ಮೇಲು.

ಪ್ರತಿ ಲೈನಿನ ಕೊನೆಯ ಮನೆಗಳು ತಿಂಗಳಲ್ಲಿ ಎಷ್ಟು ಹೊತ್ತು ಮಿತಿಯ ಹೊರಗಿದ್ದವು ಎಂಬುದನ್ನು ಪ್ರಕಟಿಸುವಂತೆ ಆಯೋಗ ಆದೇಶಿಸಬೇಕು. ಅಲ್ಲಿಯವರೆಗೆ ದೂರು ಕೊಡುವವರು ದಿನಾಂಕ, ಗಂಟೆ, ಮೀಟರ್ ತೋರಿಸಿದ ಅಂಕಿ ಬರೆದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಬಂದು ಅಳೆಯಿರೆಂದು ಲಿಖಿತವಾಗಿ ಕೇಳಿ.