ಗಿನಿಯಿಲಿಗೊಂದು ಕೌದಿ

ದಾಂಡೇಲಿಯ ಒಂದು ಸಾಮಿಲ್ಲಿನ ಮುಂದೆ ನಿಂತು ಒಂದು ಚೀಲ ಕಟ್ಟಿಗೆಪುಡಿ ಕೇಳಿದಾಗ, ‘ಯಾತಕ್ಕ ಬೇಕ್ರೀ ಅಕ್ಕಾರ, ಒಲಿಗೇನು?’ ಎಂದಿದ್ದರು. ಗಿನಿಯಿಲಿಗೆ ಹಾಸಲು ಎಂದೆ. ದುಡ್ಡು ಬೇಡವೆಂದು ಚೀಲ ತುಂಬಿಕೊಟ್ಟರು. ಮನೆಗೆ ತಂದು ನನ್ನ ಗಿನಿಯಿಲಿಗಳಾದ ಚುಕ್ಕಿ, ಬೆಲ್ಲಿಯರ ಗೂಡಿನಲ್ಲಿ ಮೂರು ಅಂಗುಲ ದಪ್ಪಕ್ಕೆ ಹರಡಿದೆ. ಹೊಂಬಣ್ಣದ ಪುಡಿ, ಅದರೊಳಗಿಂದ ಸಾಗವಾನಿಯ ಎಣ್ಣೆ ಎಣ್ಣೆ ವಾಸನೆ. ನೋಡಲು ಅಷ್ಟು ಚೆಂದದ ಹಾಸಿಗೆಯನ್ನು ಆಮೇಲೆ ನಾನು ಮಾಡಿಲ್ಲ. ಐದನೆಯ ದಿನ ಚುಕ್ಕಿ ಸೀನತೊಡಗಿದಳು. ಎಂಟನೆಯ ದಿನ ಬೆಲ್ಲಿಯನ್ನು ಎತ್ತಿ ಹಿಂಗಾಲು ತಿರುಗಿಸಿದರೆ, ಅಂಗಾಲಿನ ತಿಳಿಗುಲಾಬಿ ಚರ್ಮ ಕೆಂಪಗೆ ಊದಿ ಮಿರಮಿರ ಹೊಳೆಯುತ್ತಿತ್ತು.

ತಪ್ಪು ನನ್ನದೇ. ಹೊರದೇಶದ ಪುಸ್ತಕಗಳಲ್ಲಿ ಕಾಯಿಸದ ಪೈನ್ ಬೇಡ, ಸೀಡರ್ ಬೇಡ ಎಂದು ಓದಿಕೊಂಡಿದ್ದೆ. ಅವೆರಡೂ ಅಲ್ಲವಲ್ಲ ಎಂದು ನಿಶ್ಚಿಂತೆಯಿಂದಿದ್ದೆ. ಸಾಗವಾನಿ, ಬೀಟೆಯ ಪುಡಿ ಬೇಡ ಎಂದು ಆ ಪುಸ್ತಕಗಳು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಅದನ್ನು ಚೀಲಗಟ್ಟಲೆ ಕೊಡುವವರೇ ಇಲ್ಲ. ಸಾಗವಾನಿಗೆ ಗೆದ್ದಲು ಹಿಡಿಯದಿರುವುದು ಅದರೊಳಗಿನ ಕ್ವಿನೋನ್ ಜಾತಿಯ ರಾಸಾಯನಿಕಗಳ ಬಲದಿಂದ. ಹುಳವನ್ನು ದೂರವಿಡುವ ಅದೇ ವಸ್ತು ಮನುಷ್ಯನ ಚರ್ಮಕ್ಕೂ ತುರಿಕೆ ತರುತ್ತದೆ. ಬೀಟೆ ಕೊಯ್ದ ದಿನ ಮುಂಗೈ ಕಡಿಯುತ್ತದೆ ಎಂಬುದು ನಮ್ಮ ಬಡಗಿಗಳಿಗೆಲ್ಲ ಗೊತ್ತಿರುವ ಮಾತು. ಒಂದು ಕಿಲೋ ತೂಗದ ಜೀವ ಹಗಲೂ ರಾತ್ರಿ ಅದರ ಮೇಲೇ ಮಲಗಿದರೆ ಏನಾಗಬೇಡ? ಸಾಮಿಲ್ಲಿನಲ್ಲಿ ಬೀಳುವುದು ಪುಡಿ, ಅದರಲ್ಲಿ ಅರ್ಧ ಧೂಳು. ಬೇಕಾದದ್ದು ರಂಧಾ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುವ ಹೊಟ್ಟು. ಅದೂ ಯಾವ ಮರದ್ದೆಂದು ಖಾತ್ರಿ ಇದ್ದರೆ ಮಾತ್ರ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಸಿಕ್ಕರೆ ಹಲಗೆಯ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಕಾಯಿಸಿದ ಮರ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಅದನ್ನು ಮುಟ್ಟಲೇಬೇಡಿ. ಪ್ಲೈವುಡ್ಡಿನ ಪುಡಿಯಲ್ಲಿ ಅಂಟೂ ಇರುತ್ತದೆ, ಅದೂ ಬೇಡ.

ಗಿನಿಯಿಲಿಯ ಕಾಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಂದೆ ನಾಲ್ಕು ಬೆರಳು, ಹಿಂದೆ ಮೂರು. ಅಂಗಾಲಿನಲ್ಲಿ ಮೊಲಕ್ಕಿರುವ ಹಾಗೆ ರೋಮದ ಮೆತ್ತೆಯಿಲ್ಲ, ಬರಿಯ ಚರ್ಮ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯರ ಜೊತೆ ಸೇರಿಕೊಂಡ ಪ್ರಾಣಿ ಇದು. ಇದರ ಕಾಡಿನ ಬಂಧುಗಳು ಈಗಲೂ ಎತ್ತರದ ಹುಲ್ಲಿನ ನಡುವೆ ದಾರಿ ಮಾಡಿಕೊಂಡು ಬದುಕುತ್ತವೆ. ಕಾಲಡಿ ಒಣನೆಲ, ತಲೆಯ ಮೇಲೆ ಹುಲ್ಲು, ಇಷ್ಟೇ ಅದಕ್ಕೆ ಬೇಕಾದದ್ದು. ಮೂಗು ನೆಲದಿಂದ ಎರಡು ಅಂಗುಲದಷ್ಟೇ ಮೇಲೆ. ನಿಂತುಕೊಂಡ ನಮಗೆ ವಾಸನೆ ಬರುವ ಹೊತ್ತಿಗೆ ಅದು ಎರಡು ದಿನದಿಂದ ಅಮೋನಿಯಾ ಕುಡಿದಿರುತ್ತದೆ. ಅದಕ್ಕೇ ನಾನು ದಿನಾ ಬೆಳಿಗ್ಗೆ ಮಂಡಿಯೂರಿ, ಕೆನ್ನೆ ಹಾಸಿಗೆಗೆ ತಾಗುವಷ್ಟು ಬಗ್ಗಿ ಒಂದು ಉಸಿರು ಎಳೆಯುತ್ತೇನೆ. ಮೂಗಿನೊಳಗೆ ಚುರ್ರೆಂದರೆ ಅಂದೇ ಬದಲಾಯಿಸಬೇಕು.

ನಮ್ಮ ಸೀಮೆಯಲ್ಲಿ ಹಾಸಿಗೆ ಆರಿಸುವವರು ಮೊದಲು ಕೇಳಬೇಕಾದದ್ದು ಅದು ಎಷ್ಟು ಮೆತ್ತಗಿದೆ ಎಂದಲ್ಲ, ಎಷ್ಟು ಬೇಗ ಒಣಗುತ್ತದೆ ಎಂದು. ಜೋಯಿಡಾದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಳಿಯಾಳ, ಮುಂಡಗೋಡದಲ್ಲಿ ಮಳೆ ಕಡಿಮೆ ಎನ್ನುತ್ತೇವೆ, ಆದರೂ ಆಷಾಢದಲ್ಲಿ ಒಗೆದ ಬಟ್ಟೆ ಮೂರು ದಿನ ತಂತಿ ಬಿಡುವುದಿಲ್ಲ. ಬಯಲುಸೀಮೆಯ ಮನೆಯಲ್ಲಿ ಚೆನ್ನಾಗಿ ನಡೆಯುವ ಹಾಸು ಇಲ್ಲಿ ಒಂದು ವಾರಕ್ಕೆ ಮುಗ್ಗುತ್ತದೆ. ಮುಗ್ಗಿದ ಹಾಸಿನ ಬೂಷ್ಟಿನ ಕಣ ಶ್ವಾಸಕ್ಕೆ, ಒದ್ದೆ ಅಂಗಾಲಿಗೆ. ಎರಡು ಕಡೆಯಿಂದ ಪೆಟ್ಟು.

ದರಕಿನ ಮಾತು ಬಂದೇ ಬರುತ್ತದೆ. ಕೊಟ್ಟಿಗೆಗೆ ಹಾಸುವುದು ಅದನ್ನೇ, ದನಕ್ಕೆ ಆಗುವುದು ಇಲಿಗೆ ಯಾಕಾಗದು ಎಂದು ಕೇಳುತ್ತಾರೆ. ಕಾಡಿನ ತರಗೆಲೆಯನ್ನು ದಯವಿಟ್ಟು ಮನೆಯೊಳಗೆ ತರಬೇಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ನಮ್ಮ ಜಿಲ್ಲೆಯನ್ನೂ ಅದು ಬಿಟ್ಟಿಲ್ಲ. ಅದನ್ನು ಹರಡುವ ಉಣುಗಿನ ಮರಿಗಳು ಬೇಸಗೆಯಲ್ಲಿ ಇರುವುದೇ ಆ ಒಣ ಎಲೆಗಳಲ್ಲಿ. ಗೂಡು ಮನೆಯೊಳಗಿದೆ, ಅದರ ಪಕ್ಕದಲ್ಲೇ ಮಕ್ಕಳು ಕೂತಿರುತ್ತಾರೆ.

ಭತ್ತದ ಹೊಟ್ಟು ಕೋಳಿಗೆ ಸರಿ, ಗಿನಿಯಿಲಿಗೆ ಅಲ್ಲ. ಅದರ ಸಿಲಿಕಾ ಅಂಚು ಬರಿಯ ಅಂಗಾಲನ್ನು ಗೀರುತ್ತದೆ, ಕಣ್ಣಿಗೂ ಬೀಳುತ್ತದೆ. ಗೋವಿನಜೋಳದ ಕಾಳು ಬಿಡಿಸಿದ ದಿಂಡನ್ನು ಪುಡಿ ಮಾಡಿ ಹಾಸುವವರಿದ್ದಾರೆ. ಒದ್ದೆಯಾದರೆ ಬಲುಬೇಗ ಬೂಷ್ಟು, ನುಂಗಿದರೆ ಕರುಳಿಗೆ ಅಡ್ಡ.

ದಾಂಡೇಲಿ ಎಂದರೆ ಕಾಗದದ ಊರು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹುಟ್ಟಿದ್ದು ಇಲ್ಲಿಯ ಬಿದಿರು ಮತ್ತು ಕಾಳಿ ನದಿಯ ನೀರು ನೋಡಿಕೊಂಡೇ. ಆದ್ದರಿಂದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕತ್ತರಿಸಿದ ಬಿಳಿ ಪಟ್ಟಿಗಳನ್ನು ಹಾಸಬಹುದಲ್ಲ ಎಂದು ನಾನೂ ಯೋಚಿಸಿದ್ದೆ. ಎರಡು ವಾರ ಹಾಸಿಯೂ ನೋಡಿದೆ. ಬರೆಯುವ ಕಾಗದಕ್ಕೆ ಶಾಯಿ ಹರಡದಂತೆ ಮೊದಲೇ ಸೈಜಿಂಗ್ ಮಾಡಿರುತ್ತಾರೆ. ಶಾಯಿಯನ್ನು ಹೀರದ ಕಾಗದ ಮೂತ್ರವನ್ನು ಹೀರೀತೇ? ಪಟ್ಟಿಗಳ ಕೆಳಗೆ ಮಡುಗಟ್ಟಿ ನಿಂತಿತ್ತು. ಪತ್ರಿಕೆಯ ಕಾಗದ ಇದಕ್ಕಿಂತ ಚೆನ್ನಾಗಿ ಹೀರುತ್ತದೆ. ಆದರೆ ಅದರ ಮಸಿ ಹೊಟ್ಟೆಯ ರೋಮಕ್ಕೆ ಹತ್ತುತ್ತದೆ, ಹಾಗಾಗಿ ಎಲ್ಲಕ್ಕಿಂತ ಕೆಳಗಿನ ಪದರಕ್ಕೆ ಮಾತ್ರ.

ಈಗ ಹುಲ್ಲು. ಇದರಲ್ಲಿ ಎರಡು ಬಗೆ, ಬೆರೆಸಬಾರದು. ಭತ್ತದ ಹುಲ್ಲು ಕಾಳು ಕೊಟ್ಟು ಮುಗಿದ ದಂಟು, ಅದರಲ್ಲಿ ಸತ್ವವಿಲ್ಲ, ನೀರನ್ನೂ ಹೀರದು. ಹಸಿರಿದ್ದಾಗಲೇ ಕೊಯ್ದು ಒಣಗಿಸಿದ ಹುಲ್ಲು ಗಿನಿಯಿಲಿಯ ಮುಖ್ಯ ಊಟ. ಜೀವಮಾನವಿಡೀ ಬೆಳೆಯುವ ಹಲ್ಲು ಸವೆಯುವುದೂ ಅದರಿಂದಲೇ. ಅದನ್ನು ಹಾಸಿನ ಮೇಲೆ ಒಂದು ಮೂಲೆಗೆ ಧಾರಾಳವಾಗಿ ಹಾಕಿ. ತಿನ್ನುವುದು, ಒಳಗೆ ಅಡಗುವುದು, ಮಲಗುವುದು ಎಲ್ಲ ಅಲ್ಲೇ ನಡೆಯುತ್ತದೆ. ಬಣವಿಯಿಂದ ತರುವಾಗ ಹೊರಮೈಯದ್ದು ಬೇಡ, ಕೈ ಒಳಗೆ ಹಾಕಿ ಹಿರಿಯಿರಿ. ಒಂದು ಹಿಡಿಯನ್ನು ಕಿಟಕಿಯ ಬಿಸಿಲುಕೋಲಿನಲ್ಲಿ ಜೋರಾಗಿ ಕೊಡವಿ. ಬೂದು ಹೊಗೆಯಂತೆ ಎದ್ದರೆ ಅದು ಬೂಷ್ಟು, ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಬೆಟ್ಟದ ಕರಡವಾದರೆ ಚೂಪು ತುದಿಯ ಬೀಜಗಳನ್ನು ಬೆರಳಾಡಿಸಿ ಆರಿಸಿ ತೆಗೆಯಬೇಕು, ಅವು ಕಣ್ಣಿಗೂ ಒಸಡಿಗೂ ನೆಡುತ್ತವೆ. ಔಷಧಿ ಹೊಡೆದ ಗದ್ದೆಯ ಹುಲ್ಲು ಯಾವುದೆಂದು ಕೇಳಿದರೆ ಹಳಿಯಾಳದ ರೈತರು ಮುಚ್ಚಿಡುವುದಿಲ್ಲ. ಕೇಳಲು ಸಂಕೋಚಪಡಬೇಡಿ.

ಹುಲ್ಲಿನ ಕೆಳಗೇನು? ಇಲ್ಲಿಗೆ ತಲುಪಲು ನನಗೆ ಎರಡು ಮಳೆಗಾಲ ಬೇಕಾಯಿತು. ದಾರಿ ತೋರಿಸಿದ್ದು ಹಳಿಯಾಳ ತಾಲ್ಲೂಕಿನ ಸಿದ್ದಿ ಸಮುದಾಯದ ಒಬ್ಬ ಅಜ್ಜಿ. ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಅವರ ಮಾತಿನಲ್ಲಿ ಕವಂದಿ ಎಂದು ಹೆಸರು. ಹಳೆಯ ಸೀರೆ, ಲುಂಗಿ, ಅಂಗಿಯ ತುಂಡುಗಳನ್ನು ಹೊರ ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ನಡುವಿಗೆ ಹೊಲಿಯುತ್ತ ಹೋಗುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಮಗುವಿನ ಕವಂದಿಯೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ‘ಕೂಸು ಉಚ್ಚಿ ಹೊಯ್ದರ ಏನ್ ಮಾಡ್ತೀವಿ ತಂಗಿ? ಹಳೇ ಅರಿವಿ ಕುಡಿತೈತಿ, ಒಗದು ಹಾಕ್ತೀವಿ’ ಎಂದರು. ಅವರ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದೆ. ಎರಡು ಕಾಳು ಅಕ್ಕಿಯ ಅಂತರಕ್ಕೊಂದು ಟಾಕಿ, ಎಲ್ಲೂ ಒಂದು ಎಳೆ ಸಡಿಲವಿಲ್ಲ. ಉಗುರು ಸಿಕ್ಕಿಕೊಳ್ಳಲು ಜಾಗವೇ ಇಲ್ಲ.

ಹತ್ತಿಯ ಕೌದಿಯೊಂದೇ ಸಾಲದು. ಹತ್ತಿ ಹೀರಿದ್ದನ್ನು ಮೇಲೇ ಹಿಡಿದಿಟ್ಟುಕೊಳ್ಳುತ್ತದೆ, ಅಂಗಾಲು ಒದ್ದೆಯಲ್ಲೇ ಉಳಿಯುತ್ತದೆ. ಅದಕ್ಕೆ ಮೇಲೊಂದು ಫ್ಲೀಸ್ ಬೇಕು. ನನಗದು ಸಿಕ್ಕಿದ್ದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಅಂಗಡಿಯಲ್ಲಿ. 1966ರಿಂದ ಇಲ್ಲಿ ನೆಲೆಸಿರುವ ಈ ಜನಕ್ಕೆ ಬೆಚ್ಚನೆಯ ಬಟ್ಟೆಯ ಗುಣ ಚೆನ್ನಾಗಿ ಗೊತ್ತು. ಫ್ಲೀಸ್ ಪಾಲಿಯೆಸ್ಟರಿನದು, ತಾನು ಹೀರದೆ ನೀರನ್ನು ಕೆಳಗಿನ ಕೌದಿಗೆ ದಾಟಿಸುತ್ತದೆ. ಹೊಸತಾಗಿದ್ದಾಗ ಮಾತ್ರ ದಾಟಿಸುವುದಿಲ್ಲ. ಬಿಸಿನೀರಿನಲ್ಲಿ ಮೂರು ನಾಲ್ಕು ಸಲ ಒಗೆಯಬೇಕು, ಬಟ್ಟೆ ಮೆತ್ತಗಾಗಿಸುವ ಸುವಾಸನೆಯ ದ್ರವ ಸೋಕಿಸಬಾರದು. ಆಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಕೆಸುವಿನ ಎಲೆಯ ಮೇಲಿನಂತೆ ಹನಿ ಗುಂಡಗೆ ನಿಂತರೆ ಇನ್ನೊಮ್ಮೆ ಒಗೆಯಿರಿ. ಸರ್ರನೆ ಇಳಿದು ಮೇಲೆ ಒಣಗಿದ್ದರೆ ತಯಾರು.

ಹಿಕ್ಕೆಯನ್ನು ದಿನಕ್ಕೆರಡು ಸಲ ಗುಡಿಸುತ್ತೇನೆ. ಕೌದಿ, ಫ್ಲೀಸ್ ಎರಡನ್ನೂ ಬೇಸಗೆಯಲ್ಲಿ ಮೂರು ದಿನಕ್ಕೆ, ಮಳೆಗಾಲದಲ್ಲಿ ಎರಡು ದಿನಕ್ಕೆ ಬದಲಾಯಿಸುತ್ತೇನೆ. ತಳದಲ್ಲಿ ಸುಣ್ಣದಂತೆ ಕಟ್ಟುವ ಬಿಳಿ ಕಲೆ ಮೂತ್ರದ ಕ್ಯಾಲ್ಸಿಯಂ, ಸಮಪಾಲು ವಿನಿಗರ್ ನೀರಿಗೆ ಕರಗುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಫ್ಲೀಸನ್ನು ಅರ್ಧ ಗೂಡಿಗೆ ಮಾತ್ರ ಹಾಸಿ, ಉಳಿದರ್ಧದಲ್ಲಿ ತಂಪಾದ ಶಹಾಬಾದಿ ಕಲ್ಲು ಇಡುತ್ತೇನೆ. ಚಳಿಯನ್ನು ಹೇಗೋ ತಡೆದುಕೊಳ್ಳುವ ಈ ಪ್ರಾಣಿಗೆ ಸೆಕೆ ಪ್ರಾಣಕ್ಕೇ ಕುತ್ತು.

ಬೆಲ್ಲಿಯ ಅಂಗಾಲು ಆರು ವಾರಕ್ಕೆ ಮತ್ತೆ ತಿಳಿಗುಲಾಬಿಯಾಯಿತು. ಮೊದಲ ಕೌದಿ ಹಾಸಿದ ಸಂಜೆ ಅವಳು ನಡುವೆ ನಿಂತು, ಇದ್ದಲ್ಲೇ ನಾಲ್ಕು ಕಾಲೂ ಮೇಲಕ್ಕೆತ್ತಿ ಹುರಿದ ಅರಳಿನಂತೆ ಚಿಮ್ಮಿದಳು. ಚುಕ್ಕಿ ಹುಲ್ಲಿನೊಳಗಿಂದ ಮೂತಿ ಹೊರಹಾಕಿ ನೋಡಿ, ತಾನೂ ಚಿಮ್ಮಿದಳು. ಈ ವಾರ ಮಳೆ ಬಿಟ್ಟಿಲ್ಲ. ಬಚ್ಚಲ ಒಲೆಯ ಮುಂದಿನ ಹಗ್ಗದ ಮೇಲೆ ಎರಡು ಕೌದಿ ಇನ್ನೂ ಒಣಗುತ್ತಿವೆ. ಅಮ್ಮನ ಹಳೆಯ ಇಳಕಲ್ ಸೀರೆಯ ಅಂಚು ಬಿಚ್ಚಿಟ್ಟು, ಮೂರನೆಯದನ್ನು ಹೊಲಿಯಲು ಕೂತಿದ್ದೇನೆ.