ಬಾರದ ಪುಸ್ತಕದ ಲೆಕ್ಕ

ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿ ಪುಸ್ತಕದ ಆರ್ಡರ್ ರದ್ದು ಮಾಡಲು ಹೊರಟರೆ ಕಾರಣ ಆರಿಸುವ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕೆಂದು ಸಿದ್ಧವಾಗಿ 2000ದಲ್ಲಿ ಬಳಕೆಗೆ ಬಂದ ಈ ಉಚಿತ ತಂತ್ರಾಂಶ ತಾನಾಗಿ ಕೊಡುವ ಕಾರಣಗಳು ಮೂರೇ: ಕಾರಣ ನೀಡಿಲ್ಲ, ದಾಸ್ತಾನಿಲ್ಲ, ಮತ್ತೆ ದಾಸ್ತಾನು ಮಾಡಲಾಗುತ್ತಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಪದವಿ ಕಾಲೇಜಿನ ಗ್ರಂಥಾಲಯಕ್ಕೆ ಇವು ಯಾತಕ್ಕೂ ಸಾಲವು.

ಪಟ್ಟಿ ಬೆಳೆಸುವುದು ಕಷ್ಟವಲ್ಲ. ಅಡ್ಮಿನಿಸ್ಟ್ರೇಶನ್ ಪುಟದ ‘ಅಥರೈಸ್ಡ್ ವ್ಯಾಲ್ಯೂಸ್’ನಲ್ಲಿ ಆರ್ಡರ್ ರದ್ದತಿಯ ಕಾರಣಗಳಿಗೆಂದೇ ಒಂದು ವರ್ಗವಿದೆ. ಅಲ್ಲಿ ಪ್ರತಿ ಕಾರಣಕ್ಕೂ ಚಿಕ್ಕದೊಂದು ಸಂಕೇತ, ಅದರ ಮುಂದೆ ವಿವರಣೆ. ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು, ಬರೆಯುವುದೇ ಮೇಲು.

ಜಾಣ್ಮೆ ಬೇಕಾಗುವುದು ಕಾರಣಗಳನ್ನು ಬೇರ್ಪಡಿಸುವಲ್ಲಿ. ಮುಂದಿನ ಕೆಲಸ ಬೇರೆಯಾಗುವುದಾದರೆ ಮಾತ್ರ ಕಾರಣವೂ ಬೇರೆ. ಇಂಡಿ ಸೀಮೆಯ ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಮೊದಲು ಅಚ್ಚಾದದ್ದು 1931ರಲ್ಲಿ. ಇಂಥ ಪುಸ್ತಕ ತರಿಸಲು ಹೋದಾಗ ವ್ಯಾಪಾರಿ ‘ಸಿಗೂದಿಲ್ರಿ’ ಎಂದರೆ ಆ ಒಂದು ಮಾತಿನಲ್ಲಿ ಮೂರು ಸಂಗತಿ ಅಡಗಿರಬಹುದು. ಪ್ರತಿ ಮುಗಿದು ಮರುಮುದ್ರಣ ಬಾಕಿ ಇದ್ದರೆ ಮುಂದಿನ ವರ್ಷ ಮತ್ತೆ ಕೇಳಬೇಕು. ಪ್ರಕಾಶನವೇ ನಿಂತುಹೋಗಿದ್ದರೆ ಹಳೆಯ ಪುಸ್ತಕದ ಅಂಗಡಿ ಹುಡುಕಬೇಕು. ಆ ವ್ಯಾಪಾರಿಯ ಹತ್ತಿರ ಮಾತ್ರ ಇಲ್ಲವೆಂದಾದರೆ ಧಾರವಾಡದ ಮತ್ತೊಬ್ಬರಿಗೆ ಆರ್ಡರ್ ಕೊಟ್ಟರಾಯಿತು. ಮೂರಕ್ಕೂ ‘ದಾಸ್ತಾನಿಲ್ಲ’ ಎಂದು ಬರೆದಿಟ್ಟರೆ ಆರು ತಿಂಗಳ ಮೇಲೆ ಬರೆದವರಿಗೇ ತಿಳಿಯದು.

ಗ್ರಂಥಾಲಯದ ಕಡೆಯಿಂದ ಬರುವ ಕಾರಣಗಳನ್ನು ವ್ಯಾಪಾರಿಯ ಕಡೆಯ ಈ ಕಾರಣಗಳಲ್ಲಿ ಬೆರೆಸಬಾರದು. ಒಂದೇ ಪುಸ್ತಕಕ್ಕೆ ಎರಡು ವಿಭಾಗದವರು ಬೇಡಿಕೆ ಕೊಟ್ಟಿದ್ದು, ದರಪಟ್ಟಿಗಿಂತ ಬೆಲೆ ಏರಿದ್ದು, ಮಾರ್ಚ್ 31ಕ್ಕೆ ಅನುದಾನದ ಅವಧಿ ಮುಗಿದದ್ದು ಗ್ರಂಥಾಲಯದ ಕಡೆಯವು. ಪಠ್ಯಕ್ರಮ ಬದಲಾದದ್ದೂ ಸೇರಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು, 2024-25ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗೆ ನಡುವೆ ಬೇಡವಾದ ಪುಸ್ತಕಕ್ಕೆ ವ್ಯಾಪಾರಿಯನ್ನು ದೂರಿ ಫಲವಿಲ್ಲ. ‘ಇತರೆ’ ಎಂಬ ಸಾಲನ್ನು ಮಾತ್ರ ಸೇರಿಸದಿರುವುದು ಒಳಿತು. ಅವಸರದಲ್ಲಿ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ.

ರದ್ದತಿಗೆ ಹಣದ ಲೆಕ್ಕವೂ ಅಂಟಿಕೊಂಡಿದೆ. ಆರ್ಡರ್ ಕೊಟ್ಟ ಕೂಡಲೇ ಅದರ ಮೊತ್ತ ಆಯಾ ನಿಧಿಯಲ್ಲಿ ‘ಆರ್ಡರ್ ಆಗಿದೆ’ ಎಂಬ ಲೆಕ್ಕಕ್ಕೆ ಸೇರುತ್ತದೆ, ಪುಸ್ತಕ ಬಂದಾಗ ‘ಖರ್ಚು’ ಆಗುತ್ತದೆ. ರದ್ದು ಮಾಡಿದರೆ ಹಣ ನಿಧಿಗೆ ಮರಳಿ ಸಿಗುತ್ತದೆ. ಬಾರದ ಪುಸ್ತಕವನ್ನು ಫೆಬ್ರುವರಿಯಲ್ಲೇ ರದ್ದು ಮಾಡಿದವರಿಗೆ ಆ ದುಡ್ಡಿನಲ್ಲಿ ಬೇರೆ ಪುಸ್ತಕ ಕೊಳ್ಳುವ ಅವಕಾಶ ಉಳಿಯುತ್ತದೆ.

ರದ್ದು ಮಾಡುವಾಗ ಕ್ಯಾಟಲಾಗಿನ ದಾಖಲೆಯನ್ನೂ ಅಳಿಸುವ ಆಯ್ಕೆಯಿದೆ. ಆ ದಾಖಲೆಗೆ ಬೇರೆ ಪ್ರತಿಯೋ ಆರ್ಡರೋ ಅಂಟಿಕೊಂಡಿದ್ದರೆ ಅಳಿಸಲಾಗದು. ಮರುಮುದ್ರಣದ ನಿರೀಕ್ಷೆ ಇದ್ದರೆ ಆರ್ಡರನ್ನಷ್ಟೇ ತೆಗೆದು ದಾಖಲೆ ಉಳಿಸಿಕೊಳ್ಳಬಹುದು.

ಪಟ್ಟಿಯನ್ನು ಮುಂದೆ ತಿದ್ದುವಾಗ ಎಚ್ಚರ ಬೇಕು. ಆರ್ಡರಿನೊಳಗೆ ಉಳಿಯುವುದು ಸಂಕೇತ ಮಾತ್ರ. ಹಳೆಯ ಸಂಕೇತಕ್ಕೆ ಹೊಸ ಅರ್ಥ ಕೊಟ್ಟರೆ ಹಿಂದಿನ ವರ್ಷಗಳ ಆರ್ಡರುಗಳ ಕಾರಣವೂ ಬದಲಾಗಿ ಕಾಣುತ್ತದೆ, ಲೆಕ್ಕ ತಪಾಸಣೆಗೆ ಬಂದವರ ಮುಂದೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಹೊಸ ಕಾರಣಕ್ಕೆ ಹೊಸ ಸಂಕೇತವನ್ನೇ ಕೊಡಬೇಕು.