ಹೋಗಿದ್ದಾನೆ, ಹೋಗ್ಯಾನ

ಒಂದು ಅವಧಿಯಲ್ಲಿ ಮಗುವಿನ ಓದು ಎಷ್ಟು ಬೆಳೆಯಿತೆಂದು ತಿಳಿಯಲು ನಮ್ಮ ಶಾಲೆಗಳಲ್ಲಿ ಈಗ ಗಡಿಯಾರಕ್ಕೆ ಇರುವ ಮಾನ ಬೇರೆ ಯಾವುದಕ್ಕೂ ಇಲ್ಲ. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯ ಗುರಿಗಳ ಪ್ರಕಾರ ಎರಡನೆಯ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು. ಮೂರನೆಯ ತರಗತಿಯದು ಕನಿಷ್ಠ 60. ಅರ್ಥ ತಿಳಿದು ಓದಬೇಕೆಂಬ ಮಾತೂ ಅಲ್ಲಿದೆ. ಏನೂ ಓದಲಾರದ ಮಗುವನ್ನು ಬೇಗ ಗುರುತಿಸಲು ಈ ಅಳತೆ ನೆರವಾಗುತ್ತದೆ, ಅದನ್ನು ಒಪ್ಪುತ್ತೇನೆ. ಅದರಾಚೆಗೆ ಇದಕ್ಕೆ ಬಂದಿರುವ ಹೆಸರು ಯೋಗ್ಯತೆಗೆ ಮೀರಿದ್ದು.

ನಮ್ಮ ಕಲಬುರಗಿಯ ಕುಸನೂರಿನ ಮೂರನೆಯ ತರಗತಿಯ ಮಗುವೊಂದನ್ನು ಊಹಿಸಿಕೊಳ್ಳೋಣ. ಎದುರಿಗೆ ಒಂದೇ ವಾಕ್ಯ: ‘ಅಪ್ಪ ಹೊಲಕ್ಕೆ ಹೋಗಿದ್ದಾನೆ.’ ಜೂನ್‌ನಲ್ಲಿ ಅದು ಬೆರಳಿಟ್ಟು ‘ಹೋ, ಗಿ, ದ್ದಾ, ನೆ’ ಎಂದು ಬಿಡಿಸುತ್ತದೆ. ಯಾರು ಎಲ್ಲಿಗೆ ಹೋದರೆಂದು ಕೇಳಿದರೆ ಸುಮ್ಮನಾಗುತ್ತದೆ. ಆಗಸ್ಟ್‌ನಲ್ಲಿ ಅದೇ ಮಗು ತಲೆಯೆತ್ತಿ ‘ಅಪ್ಪ ಹೊಲಕ್ಕ ಹೋಗ್ಯಾನ’ ಎನ್ನುತ್ತದೆ. ಎಣಿಸುವವರಿಗೆ ಮೂರು ಪದಗಳಲ್ಲಿ ಎರಡು ತಪ್ಪು. ಜೂನ್‌ನ ಓದಿನಲ್ಲಿ ಒಂದೂ ತಪ್ಪಿರಲಿಲ್ಲ.

ಈ ‘ತಪ್ಪು’ ಎಂಥದ್ದೆಂದು ನೋಡಬೇಕು. ಮಗು ಹಾಳೆ ನೋಡದೆ ಊಹಿಸಿದ್ದರೆ ‘ಹೋದ’ ಬರಬಹುದಿತ್ತು, ‘ಹೊಂಟಾನ’ ಬರಬಹುದಿತ್ತು. ಬಂದದ್ದು ‘ಹೋಗ್ಯಾನ’: ಅದೇ ಧಾತು, ಅದೇ ಕಾಲ, ಅದೇ ಲಿಂಗ, ಅದೇ ವಚನ. ಮಗು ಅರ್ಥ ಹಿಡಿದು, ಮನೆಯ ಮಾತಿನ ವ್ಯಾಕರಣದಲ್ಲಿ ವಾಕ್ಯವನ್ನು ಮರಳಿ ಕಟ್ಟಿದೆ. ಇಂಥ ಪಲ್ಲಟಗಳನ್ನು ತಪ್ಪೆಂದು ಕರೆಯಲು ಅಮೆರಿಕದ ಓದಿನ ಸಂಶೋಧಕ ಕೆನೆತ್ ಗುಡ್‌ಮನ್ 1960ರ ದಶಕದಲ್ಲೇ ಒಪ್ಪಲಿಲ್ಲ. ಓದುವವರ ಮನಸ್ಸಿನಲ್ಲಿ ನಡೆಯುವುದು ಅವುಗಳಿಂದಲೇ ಕಾಣುತ್ತದೆ ಎಂದರು. ದಸರಾ ರಜೆಯ ಹೊತ್ತಿಗೆ ಮಗು ‘ಹೋಗ್ಯಾ’ ಎಂದು ತಡೆದು, ಮತ್ತೆ ಹಾಳೆ ನೋಡಿ, ‘ಹೋಗಿದ್ದಾನೆ’ ಎಂದು ತಾನೇ ತಿದ್ದಿಕೊಂಡಿತೆನ್ನಿ. ಎರಡು ಕನ್ನಡಗಳ ನಡುವಿನ ಅಂತರ ಅದಕ್ಕೆ ಕಂಡಿದೆ. ಆ ಅವಧಿಯ ಅತಿ ದೊಡ್ಡ ಕಲಿಕೆ ಇದೇ. ಗಡಿಯಾರಕ್ಕೆ ಮಾತ್ರ ಅದು ವೇಗ ಕುಂದಿದ ಗಳಿಗೆ.

ಪದ ಎಣಿಸುವುದೇ ಕನ್ನಡಕ್ಕೆ ಒಗ್ಗದು. ಹಿಂದಿಯ ‘ಗಯಾ ಹೈ’ ಎರಡು ಪದ, ನಮ್ಮ ‘ಹೋಗಿದ್ದಾನೆ’ ಒಂದೇ. ಅದರೊಳಗಿನ ‘ದ್ದಾ’ದಲ್ಲಿ ವ್ಯಂಜನ, ಒತ್ತು, ದೀರ್ಘ ಮೂರೂ ಇವೆ. ಕನ್ನಡ ಮಕ್ಕಳ ಅಕ್ಷರಕಲಿಕೆ ಮೊದಲೆರಡು ವರ್ಷಕ್ಕೆ ಮುಗಿಯುವುದಿಲ್ಲವೆಂದು ಸಂಶೋಧಕಿ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಎನ್‌ಸಿಇಆರ್‌ಟಿಯ 2022ರ ಅಧ್ಯಯನ ಓದಿನ ವೇಗಕ್ಕೆ ಭಾಷೆಗೊಂದು ಬೇರೆ ಮಟ್ಟ ಇಟ್ಟದ್ದು ಒಳ್ಳೆಯದೇ. ಆದರೆ ಕಲಬುರಗಿಯ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಅಲ್ಲಿ ಒಂದೇ ಮಟ್ಟ.

ಇಲ್ಲಿ ಕೆಲವು ವಿಮರ್ಶಕರೊಡನೆ ನನ್ನ ಜಗಳವಿದೆ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಕಲಬುರಗಿ ಶೇ 42.43ರೊಂದಿಗೆ ಕೊನೆಗೆ ನಿಂತಿತು, ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು ಬಂತು. ಕಲಬುರಗಿಯಂಥ ಜಿಲ್ಲೆಯಲ್ಲಿ ಆಡುಮಾತಿಗೆ ರಿಯಾಯಿತಿ ಕೊಟ್ಟರೆ ಪುಸ್ತಕದ ಕನ್ನಡ ಬರುವುದು ಯಾವಾಗ ಎಂದು ಅವರು ಕೇಳುತ್ತಾರೆ. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ. ಅಲ್ಲಿನ ಮಗುವಿಗೂ ಪುಸ್ತಕದ ಕನ್ನಡ ಹೊಸದೇ. ಆದರೆ ಅದು ಇನ್ನೊಂದು ಭಾಷೆ ಕಲಿಯುತ್ತಿದೆ ಎಂದು ಎಲ್ಲರಿಗೂ ಗೊತ್ತು. ಅದರ ತುಳುವನ್ನು ಕೆಟ್ಟ ಕನ್ನಡ ಎಂದು ಯಾರೂ ಕರೆಯುವುದಿಲ್ಲ. ನಮ್ಮ ಮಗುವಿನ ಬಾಯಲ್ಲಿರುವುದು ಕನ್ನಡವೇ ಆದ್ದರಿಂದ ಅದರ ಪ್ರತಿ ಮಾತಿಗೂ ಕೆಂಪು ಗೆರೆ ಬೀಳುತ್ತದೆ. ನಾನು ಕೇಳುತ್ತಿರುವುದು ರಿಯಾಯಿತಿ ಅಲ್ಲ, ಸರಿಯಾದ ಲೆಕ್ಕ. ಮನೆಯಲ್ಲಿ ದಖ್ಖನಿಯನ್ನೋ ಲಂಬಾಣಿಯನ್ನೋ ಆಡುವ ಮಕ್ಕಳು ಇದೇ ತರಗತಿಯಲ್ಲಿದ್ದಾರೆ ಎಂಬುದನ್ನೂ ಈ ವಿಮರ್ಶಕರು ಮರೆಯುತ್ತಾರೆ.

ಗಡಿಯಾರವಿಲ್ಲದ ಅಳತೆಯೂ ಉಂಟು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿ ಎಂಬ ಕಲಿಕೆಯ ಪದ್ಧತಿಯ ಏಣಿಯನ್ನು ಬೈಯುವವರು ಬಹಳ. ತೊಗರಿ ಕಟಾವಿನ ದಿನಗಳಲ್ಲಿ ಶಾಲೆ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದೆ ಹತ್ತಬಹುದಾದ ಕ್ರಮ ಅದು. ನಿಮಿಷದ ಲೆಕ್ಕಕ್ಕಿಂತ ಅದು ಮಗುವಿಗೆ ಹತ್ತಿರ.

ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಬೇಡಿಕೆ. ಮುಂದಿನ ಅವಧಿಯಲ್ಲಿ ಅಂಕದ ಪಕ್ಕ ಒಂದು ಸಾಲು ಜಾಗ ಬಿಡಿ. ಹಾಳೆಯಲ್ಲಿದ್ದ ಪದದ ಬದಲು ಮಗು ಏನೆಂದಿತೋ ಅದನ್ನು ಹಾಗೆಯೇ ಬರೆದಿಡಿ. ‘ಹೋಗ್ಯಾನ’ ಎಂದು ಬರೆದ ಮೇಲೆ ಅದರ ಮುಂದೆ ತಪ್ಪು ಗುರುತು ಹಾಕಬೇಡಿ.